ಹಿತ್ತಲ ಬಾಗಿಲ ಬಿಳಿ ಸೀರೆ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ನನ್ನ ಮೊಮ್ಮಗಳಿಗೆ ಸೇಡಂನ ಒಂದು ಇಡೀ ಓಣಿಯ ಕ್ಯಾಮೆರಾ ಕೆಲಸ ಸಿಕ್ಕಿದೆ! ಹಾಕುವುದು, ಕೂಡಿಸುವುದು, ಚಿತ್ರ ತಿದ್ದುವುದು, ಕೆಟ್ಟರೆ ನೋಡುವುದು, ಎಲ್ಲವೂ ಅವಳದೇ. ಅಂಗಡಿಯ ಹೆಸರಿನಲ್ಲಲ್ಲ, ಅವಳ ಸ್ವಂತ ಹೆಸರಿನಲ್ಲಿ. ಯಾವ ಮನೆಯಲ್ಲಿ ನನ್ನನ್ನು ಕಳ್ಳಿ ಎಂದರೋ ಅದೇ ಮನೆಯ ಯಜಮಾನರ ಬಾಯಿಂದಲೇ ಈ ಮಾತು ಬಂತು. ಸೇಡಂ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ನನ್ನ ಬಾಯಿ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತ ಹೆಣ್ಣುಮಗಳಿಗೆ ಹೇಳಿದೆ, ಶೇಂಗಾ ಮಾರುವವನಿಗೆ ಹೇಳಿದೆ, ಟಿಕೆಟ್ ನೋಡಲು ಬಂದವರನ್ನು ನಿಲ್ಲಿಸಿ ಹೇಳಿದೆ. ಮೊಮ್ಮಗಳು "ಆಯಿ, ಸಾಕ್ ಮಾಡು" ಎಂದು ಸೆರಗು ಜಗ್ಗಿದಳು. ಯಾಕೆ ಸಾಕು ಮಾಡಲಿ? ಕೆಟ್ಟ ಮಾತು ವಾಡಿಯಿಂದ ಚಿತ್ತಾಪುರದವರೆಗೆ ತಿರುಗಾಡುವಾಗ ಯಾರೂ ಸಾಕು ಮಾಡಿರಲಿಲ್ಲ.

ನಮ್ಮ ಮನೆ ವಾಡಿಯಲ್ಲಿ. ಮಗ ಸಿಮೆಂಟ್ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ಕಡೆ ದುಡಿಯುತ್ತಾನೆ. ಅವನ ಮಗಳು ಐಟಿಐ ಮುಗಿಸಿ, ಚಿತ್ತಾಪುರದ ಒಂದು ಕ್ಯಾಮೆರಾ ಅಂಗಡಿಯವರು ತೋರಿಸಿದ ಮನೆಗಳಿಗೆ ಹೋಗಿ ಕ್ಯಾಮೆರಾ ಹಾಕಲು ಶುರು ಮಾಡಿದಳು. ಹುಡುಗಿ ಒಬ್ಬಳೇ ಮಂದಿ ಮನೆಗೆ ಹೋಗಬಾರದು ಎಂದು ಮಗ ಹಟ ಹಿಡಿದ. "ಹಂಗಾದ್ರ ನಾ ಹೋಗ್ತೀನಿ ಆಕಿ ಜೋಡಿ" ಎಂದೆ. ಹೋಗಿ ಸುಮ್ಮನೆ ಮೂಲೆಯಲ್ಲಿ ಕೂಡುವುದು ನನ್ನಿಂದಾಗಲಿಲ್ಲ. ಕೆಲಸ ಕಲಿತೆ.

ನಾನು ಓದಿದ್ದು ಮೂರನೆಯ ಈಯತ್ತೆಯವರೆಗೆ. ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಆದರೆ ರೆಕಾರ್ಡರ್ ಪೆಟ್ಟಿಗೆಗೆ ಟಿವಿ ಕೂಡಿಸಿ ಮೌಸ್ ಕೈಗೆ ಕೊಟ್ಟರೆ, ಚಿತ್ರ ತಿದ್ದುವ ಪಟ್ಟಿಗಳೆಲ್ಲ ಒಂದರ ಕೆಳಗೆ ಒಂದು ಬರುತ್ತವೆ. ಸೂರ್ಯನ ಗುರುತು ಬೆಳಕಿನದು. ಅರ್ಧ ಕಪ್ಪು ಅರ್ಧ ಬಿಳಿ ಇರುವ ಚಕ್ರ ಕಾಂಟ್ರಾಸ್ಟ್‌ನದು. ಅದರ ಕೆಳಗೆ ಬಣ್ಣ, ಅದರ ಕೆಳಗೆ ಗೆರೆ ಚೂಪಾಗಿಸುವುದು. ಮೊಮ್ಮಗಳು ಏಣಿ ಹತ್ತಿ ಕ್ಯಾಮೆರಾದ ಮುಖ ತಿರುಗಿಸುತ್ತಾಳೆ, ನಾನು ಒಳಗೆ ಟಿವಿ ಮುಂದೆ ಕೂತು ಕೂಗುತ್ತೇನೆ. "ಎಡಕ್ಕ ಬಾ! ಸಾಕ್. ಮುಖ ಕರ್ರಗಾಗ್ಯದ ನೋಡು!" ಅವಳು ಅಲ್ಲಿಂದ, "ಸೂರ್ಯ ಒಂಚೂರು ಏರಿಸು, ಆಯಿ!" ಹೀಗೆ ಕೂಗಾಡುತ್ತ ಕೆಲಸ ಮಾಡುವ ನಮ್ಮನ್ನು ನೋಡಿ ಮಂದಿ ನಗುತ್ತಿದ್ದರು. ನಗಲಿ. ಚಿತ್ರ ಚೊಕ್ಕ ಬರುತ್ತಿತ್ತು.

ಸಂಕ್ರಾಂತಿಯ ಹಿಂದಿನ ದಿನ, ಭೋಗಿ ಹಬ್ಬದಂದು, ಸೇಡಂನಲ್ಲಿ ಒಬ್ಬ ತೊಗರಿ ವ್ಯಾಪಾರಿಯ ಮನೆಗೆ ಹೋದೆವು. ಯಜಮಾನರ ಹೆಂಡತಿ ಮಕ್ಕಳು ಹಬ್ಬಕ್ಕೆ ತವರಿಗೆ ಹೋಗಿದ್ದರು. ಮನೆಯಲ್ಲಿ ಯಜಮಾನರು, ಅವರ ತಾಯಿ ಇಬ್ಬರೇ. ತಾಯಿ ನನ್ನ ವಯಸ್ಸಿನವರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ನಾವು ಬೇಡವೆಂದರೂ ತಾಟಿಗೆ ಹಾಕಿದರು.

ಹಿತ್ತಲ ಕ್ಯಾಮೆರಾದಿಂದ ಶುರು ಮಾಡಿದೆವು. ಹಿತ್ತಲಿಗೆ ಪೂರಾ ಶಹಾಬಾದ್ ಕಲ್ಲು ಹಾಸಿತ್ತು. ಬಿಸಿಲು ಬಿದ್ದರೆ ಆ ಕಲ್ಲು ಕಣ್ಣಿಗೆ ಹೊಡೆಯುತ್ತದೆ. ಬೆಳಕು ಹೆಚ್ಚಾಯಿತೆಂದು ಕ್ಯಾಮೆರಾ ತಾನೇ ಕಣ್ಣು ಸಣ್ಣ ಮಾಡಿಕೊಳ್ಳುತ್ತದೆ, ಆಗ ಮನುಷ್ಯರ ಮುಖ ಕಪ್ಪಾಗುತ್ತದೆ. ಅದನ್ನು ಸರಿಮಾಡುವುದರಲ್ಲೇ ಹೊತ್ತು ಹೋಯಿತು. ಕತ್ತಲಲ್ಲಿ ಚಿತ್ರ ಹೇಗೆ ಬರುತ್ತದೆಂದು ನೋಡಿರಲಿಲ್ಲ. ಮುಂಬಾಗಿಲ ಕ್ಯಾಮೆರಾ ಕೂಡಿಸುವುದೂ ಉಳಿಯಿತು. ಹಬ್ಬ ಮುಗಿಸಿ ಬರುತ್ತೇವೆಂದು ಹೇಳಿ, ಅಲ್ಲೇ ಸೇಡಂನಲ್ಲಿದ್ದ ನನ್ನ ತಂಗಿಯ ಮನೆಯಲ್ಲಿ ಮಲಗಿ, ಸಂಕ್ರಾಂತಿಯ ದಿನ ಮಧ್ಯಾಹ್ನ ವಾಡಿಗೆ ಬಂದೆವು.

ಹಬ್ಬ ಮುಗಿದ ಮೇಲೆ ಮೊಮ್ಮಗಳಿಗೆ ಅಂಗಡಿಯವರ ಫೋನ್ ಬಂತು. ದನಿ ಸರಿ ಇರಲಿಲ್ಲವಂತೆ. "ಸೇಡಂ ಮನಿಗಿ ಹೋಗು, ತಂಗಿ. ನಿಮ್ಮ ಆಯಿನ್ನೂ ಕರಕೊಂಡು ಹೋಗು" ಎಂದರಂತೆ.

ಹೋದೆವು. ಯಜಮಾನರು ಕುಂದ್ರಿ ಅನ್ನಲಿಲ್ಲ. ಟಿವಿ ಹಚ್ಚಿ, ಸಂಕ್ರಾಂತಿಯ ನಸುಕಿನ ರೆಕಾರ್ಡಿಂಗ್ ಓಡಿಸಿದರು. ಬೆಳಗಾಗುವ ಮುಂಚಿನ ಹೊತ್ತು, ಚಿತ್ರ ಕಪ್ಪು-ಬಿಳುಪು. ಹಿತ್ತಲ ಬಾಗಿಲಿಂದ ಒಬ್ಬ ಹೆಂಗಸು ಹೊರಗೆ ಹೋಗುತ್ತಿದ್ದಾಳೆ. ತಲೆ ತುಂಬ ಸೆರಗು, ಸೊಂಟದಲ್ಲಿ ತಾಮ್ರದ ಕೊಡ. ಮುಖವಿರಬೇಕಾದ ಜಾಗದಲ್ಲಿ ಬರೀ ಬೆಳ್ಳನೆಯ ಕಲೆ. ಸೀರೆಯೂ ಬೆಳ್ಳಗೆ.

ಗಂಡ ತೀರಿಕೊಂಡಾಗಿನಿಂದ ನಾನು ಉಡುವುದು ಬಿಳಿ ಸೀರೆ. ಆವತ್ತೂ ಅದನ್ನೇ ಉಟ್ಟು ನಿಂತಿದ್ದೆ.

"ಇದು ಯಾರು, ಹೇಳ್ರಿ" ಎಂದರು ಯಜಮಾನರು.

"ನಂಗೇನ್ ಗೊತ್ರಿ? ಮುಖಾನೇ ಇಲ್ಲ."

"ಸೀರಿ ಅದ ಅಲಾ! ನಮ್ಮ ಓಣ್ಯಾಗ ಬಿಳಿ ಸೀರಿ ಉಡೋರು ಯಾರೂ ಇಲ್ಲ. ಆವತ್ತ ಊರಾಗ ಇದ್ದೋರು ನೀವು. ಕ್ಯಾಮೆರಾ ಎಲ್ಲಿ ನೋಡ್ತದ, ಎಲ್ಲಿ ನೋಡಂಗಿಲ್ಲ ಅಂತ ಗೊತ್ತಿದ್ದೋರೂ ನೀವೇ."

"ಅಷ್ಟು ಗೊತ್ತಿದ್ದಾಕಿ ಅದರ ಮುಂದ ಯಾಕ ಹಾದು ಹೋಗ್ತಾಳ್ರಿ, ಸಾವ್ಕಾರ್ರ?" ಎಂದೆ.

ಅವರು ಟಿವಿಯ ಕಡೆ ಬೆರಳು ಮಾಡಿ, "ಕ್ಯಾಮೆರಾ ಸುಳ್ಳು ಹೇಳಂಗಿಲ್ಲ" ಎಂದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ತವರಿನಿಂದ ಬಂದು ನೀರು ತುಂಬಲು ಹೋದಾಗ ಕೊಡವೇ ಇರಲಿಲ್ಲ ಎಂದು ಹೇಳಿದರು. ತಾಯಿ ಆವತ್ತು ದೇವರ ಕೋಣೆಯಿಂದ ಹೊರಗೆ ಬರಲಿಲ್ಲ.

ಮೊಮ್ಮಗಳು ಮೌಸ್ ಹಿಡಿದು ಕೂತಳು. ಬೆಳಕು ಇಳಿಸಿದಳು, ಕಾಂಟ್ರಾಸ್ಟ್ ಏರಿಸಿದಳು, ಗೆರೆ ಚೂಪು ಮಾಡಿದಳು. ಮುಖದ ಜಾಗದ ಬಿಳಿ ಕಲೆ ಬೂದು ಕಲೆಯಾಯಿತೇ ಹೊರತು ಕಣ್ಣು ಮೂಗು ಮೂಡಲಿಲ್ಲ. "ಕಾಕಾ, ಈ ತಿದ್ದೋದು ಏನಿದ್ರೂ ಮುಂದ ಬರೋ ಚಿತ್ರಕ್ಕರಿ. ರೆಕಾರ್ಡ್ ಆಗಿಹೋದದ್ದರಾಗ ಇಲ್ಲದ ಮುಖ ತರಾಕ ಬರಂಗಿಲ್ಲ. ಕ್ಯಾಮೆರಾದ ಬೆಳಕು ಸಮೀಪ ಬಿದ್ದು ಮುಖ ಸುಟ್ಟಂಗ ಆಗ್ಯದ" ಎಂದಳು.

"ನಿಮ್ಮ ಆಯಿ ಮುಖ ಅಲಾ, ಯಾಕ ತರ್ತಿ ನೀನು?" ಎಂದರು ಯಜಮಾನರು.

ಅವಳ ಕೈಯಿಂದ ಮೌಸ್ ಜಾರಿತು. ನಾನು ಅವಳ ತೋಳು ಹಿಡಿದು ಎಬ್ಬಿಸಿಕೊಂಡು ಬಂದೆ.

ಮಾತು ನಮಗಿಂತ ಮೊದಲು ಊರು ಸೇರಿತ್ತು. ಅಂಗಡಿಯವರು, ಸ್ವಲ್ಪ ದಿನ ಕೆಲಸ ಬೇಡ ಎಂದರು. ಸ್ವಲ್ಪ ದಿನ ಅಂದರೆ ಏನೆಂದು ನನಗೆ ಗೊತ್ತಿಲ್ಲವೇ? ಫ್ಯಾಕ್ಟರಿ ಗೇಟಿನಲ್ಲಿ ಮಗನನ್ನು ಯಾರೋ, "ನಿಮ್ಮವ್ವ ಕ್ಯಾಮೆರಾದಾಗ ಬಂದಾಳಂತಲ್ಲೋ" ಎಂದು ಕೇಳಿದರಂತೆ. ಅವನು ಮನೆಗೆ ಬಂದು ಉಣ್ಣದೆ ಕೂತ. "ಸಾಕು ಅವ್ವಾ. ಆಕಿ ಮನ್ಯಾಗ ಇರಲಿ. ಈ ಕೆಲಸ ನಮ್ಮಂಥೋರಿಗಲ್ಲ" ಎಂದ. ಮೊಮ್ಮಗಳು ತನ್ನ ಸ್ಕ್ರೂಡ್ರೈವರ್, ವೈರು, ಟೆಸ್ಟರ್ ಎಲ್ಲ ಒಂದು ಚೀಲಕ್ಕೆ ತುಂಬಿ ಅಟ್ಟದ ಮೇಲೆ ಇಟ್ಟಳು. ಅವಳು ಅತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಅಟ್ಟದ ಮೇಲಿನ ಆ ಚೀಲ ನೋಡಿ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಚೀಲ ಇಳಿಸಿದೆ.

"ಏಳು. ಸೇಡಂಗ ಹೋಗಮು."

"ಯಾಕ, ಆಯಿ? ಮತ್ತ ಬೈಸ್ಕೊಳ್ಳಾಕ?"

"ಮುಂಬಾಗಿಲ ಕ್ಯಾಮೆರಾ ಕೂಡಿಸಿಲ್ಲ. ಹಿತ್ತಲದ್ದು ಮುಖ ಕಾಣವಲ್ದು. ನಮ್ಮ ಕೆಲಸ ಅರ್ಧಾ ಆಗ್ಯದ. ಅರ್ಧಾ ಬಿಟ್ಟು ಮನ್ಯಾಗ ಕುಂತ್ರ ಖರೇನೇ ಕಳ್ಳರು ಅಂತಾರ."

ಮಗ ಬಾಗಿಲಿಗೆ ಅಡ್ಡ ನಿಂತ. "ಕಡೀಗಿ ಬ್ಯಾರೆ ಬಣ್ಣದ ಸೀರಿಯರೆ ಉಟ್ಗೊಂಡು ಹೋಗವ್ವಾ" ಎಂದ. ನಾನು ಪೆಟ್ಟಿಗೆಯಲ್ಲಿದ್ದ ಇನ್ನೂ ಬೆಳ್ಳನೆಯ ಸೀರೆ ತೆಗೆದು ಉಟ್ಟೆ. ಮಡಿಕೆ ಸರಿಮಾಡಿಕೊಂಡು ಅವನ ಪಕ್ಕದಿಂದ ಹಾದು ಹೊರಗೆ ಬಂದೆ. ಮೊಮ್ಮಗಳು ಹಿಂದೆ ಬಂದಳು.

ಸೇಡಂನ ಆ ಓಣಿಯಲ್ಲಿ ಬಾಗಿಲು ಬಾಗಿಲಿಗೆ ಮಂದಿ ನಿಂತು ನೋಡಿದರು. ನೋಡಲಿ ಎಂದು ನಡುರಸ್ತೆಯಲ್ಲೇ ನಡೆದೆ. ಯಜಮಾನರು ನಮ್ಮನ್ನು ನೋಡಿ, "ಮತ್ಯಾಕ ಬಂದ್ರಿ?" ಎಂದರು. "ಕೆಲಸ ಮುಗಸಾಕ ಬಂದೀವ್ರಿ. ನೀವು ಎದುರಿಗೇ ಕುಂದ್ರಿ. ನಾವು ಏನು ಮುಟ್ಟತೀವಿ, ಏನು ಬಿಡ್ತೀವಿ, ಪೂರಾ ನೋಡ್ರಿ" ಎಂದೆ. ಏನನ್ನಿಸಿತೋ, ಬೇಡ ಅನ್ನಲಿಲ್ಲ. ಕುರ್ಚಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತು ಫೋನ್ ಹಿಡಿದರು. ಹೆಂಡತಿ ಅಡುಗೆಮನೆಯಲ್ಲಿದ್ದರು. ತಾಯಿ ಹಿತ್ತಲ ಬಾಗಿಲ ಹತ್ತಿರ ಕಾಳು ಆರಿಸುತ್ತ ಕೂತಿದ್ದರು.

ಮುಂಬಾಗಿಲಿನದು ಬೇಗ ಆಯಿತು. ಹೊರಗೆ ಬಿಸಿಲು, ಒಳಗೆ ನೆರಳು ಇದ್ದರೆ ಬಂದವರ ಮುಖ ಕಪ್ಪಾಗುತ್ತದೆ. ಅದಕ್ಕೆಂದೇ ಇರುವ ಒಂದು ಗುಂಡಿ ಹಾಕಿದರೆ ಬಿಸಿಲೂ ನೆರಳೂ ಎರಡೂ ಹದಕ್ಕೆ ಬರುತ್ತವೆ. ಬಾಗಿಲ ಮುಂದೆ ಹಾದ ತರಕಾರಿ ಮಾರುವವನ ಮೀಸೆ ಕೂಡ ಎಣಿಸುವ ಹಾಗೆ ಕಂಡಿತು.

ಆಮೇಲೆ ಹಿತ್ತಲಿನದು. ಮೊಮ್ಮಗಳು ಏಣಿ ಹತ್ತಿದಳು. ಮುಖ ಸುಡುತ್ತಿದ್ದದ್ದು ಕತ್ತಲ ಹೊತ್ತಿನಲ್ಲಿ. ಹಗಲಲ್ಲಿ ಕ್ಯಾಮೆರಾ ಬಣ್ಣದಲ್ಲಿ ನೋಡುತ್ತದೆ. ಕತ್ತಲಾದರೆ ತಾನೇ ಕಪ್ಪು-ಬಿಳುಪಿಗೆ ಹೊರಳಿ, ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕು ಬಿಟ್ಟು ಅದರಲ್ಲಿ ನೋಡುತ್ತದೆ. ಹಾಗೆ ಹೊರಳುವುದು ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಅವಳು ಮೇಲಿಂದ ಕೂಗಿದಳು. "ಆಯಿ, ಹಗಲು-ರಾತ್ರಿ ಅನ್ನೋದರಾಗ ಆಟೋ ಅದ. ಅದನ್ನ ತಗದು ಕಪ್ಪು-ಬಿಳುಪಿಗೆ ಹಾಕು."

ಹಾಕಿದೆ. ಕ್ಯಾಮೆರಾದ ಒಳಗೆ ಟಕ್ ಎಂದಿತು. ಟಿವಿಯಲ್ಲಿ ಬಣ್ಣ ಹೋಯಿತು. ಹಿತ್ತಲ ಬೇವಿನ ಮರದ ಎಲೆಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾದವು. ಒಣಗಲು ತಂತಿಗೆ ಹಾಕಿದ್ದ ಸೀರೆಯೂ ಬೆಳ್ಳಗಿತ್ತು.

ನಾನು ಕಿಟಕಿಯಲ್ಲಿ ಇಣುಕಿ ನೋಡಿದೆ. ತಂತಿಯ ಮೇಲೆ ಬಿಳಿ ಸೀರೆ ಇರಲಿಲ್ಲ. ಇದ್ದದ್ದು ಒಂದೇ ಸೀರೆ, ಇದ್ದಿಲಿನ ಹಾಗೆ ಕಪ್ಪು. ನಮ್ಮ ಕಡೆ ಸಂಕ್ರಾಂತಿಗೆ ಹೆಂಗಸರು ಉಡುವ ಚಂದ್ರಕಾಳಿ ಸೀರೆ.

ಮತ್ತೆ ಬಣ್ಣಕ್ಕೆ ಹಾಕಿದೆ. ಟಕ್. ಸೀರೆ ಕಪ್ಪಾಯಿತು. ಮತ್ತೆ ತಿರುಗಿಸಿದೆ. ಟಕ್. ಬಿಳಿ. "ಏ ಹುಡುಗಿ, ಇಳಿ ಕೆಳಗ! ಜಲ್ದಿ ಇಳಿ!" ಎಂದು ಕೂಗಿದೆ. ಅವಳು ಓಡಿ ಬಂದು ಟಿವಿ ನೋಡಿದಳು, ತಂತಿ ನೋಡಿದಳು. "ಆಯಿ! ಆ ಕಾಣದ ಬೆಳಕು ಬಿಸಿಲಿನಾಗೂ ಇರ್ತದ. ಅದರಾಗ ಬಟ್ಟಿ ಬಣ್ಣ ನಿಲ್ಲಂಗಿಲ್ಲ. ಕರಿ ಸೀರಿನೂ ಬೆಳ್ಳಗ ಕಾಣ್ತದ!" ಎಂದು ನನ್ನ ಕೊರಳಿಗೆ ಬಿದ್ದಳು.

ಅವಳ ಹೆಗಲ ಮೇಲಿಂದ ನೋಡಿದರೆ, ಯಜಮಾನರ ತಾಯಿ ಕಾಳಿನ ಮೊರ ಬಿಟ್ಟು ಎದ್ದು ನಿಂತಿದ್ದರು. ಟಿವಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡರು. ಆ ಕಣ್ಣು ನೋಡಿದ ಮೇಲೆ ನನಗೆ ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಕೊಡ ಒಯ್ದವರು ಇವರೇ.

ನಿಜ ಹೇಳುತ್ತೇನೆ, ಕೂಗಬೇಕೆಂದು ನಾಲಿಗೆಯ ತುದಿಗೆ ಬಂತು. ಇಡೀ ಓಣಿ ಕೇಳುವ ಹಾಗೆ ಕೂಗಬಹುದಿತ್ತು. ಆದರೆ ಅಷ್ಟು ದಿನ ಒಬ್ಬರ ಬೆರಳು ನನ್ನ ಕಡೆ ಇತ್ತಲ್ಲ, ಅದು ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿದೆ. ಯಜಮಾನರನ್ನಷ್ಟೇ ಕರೆದೆ.

"ಸಾವ್ಕಾರ್ರ, ಬರ್ರಿ ಇಲ್ಲಿ. ನಿಮ್ಮ ಕ್ಯಾಮೆರಾ ಸುಳ್ಳು ಹೇಳಂಗಿಲ್ಲ ಅಂದಿದ್ರಿ ಅಲಾ. ತಂತಿ ಮ್ಯಾಲಿನ ಸೀರಿ ಬಣ್ಣ ಯಾವುದು?"

"ಕರಿ. ಯಾಕ?"

"ಟಿವಿ ನೋಡ್ರಿ." ಟಕ್.

ಅವರು ಟಿವಿಯ ಹತ್ತಿರ ಮುಖ ತಂದರು. ಹಿತ್ತಲಿಗೆ ಹೋಗಿ ಸೀರೆಯ ಪಕ್ಕ ನಿಂತು ಕೈಯಿಂದ ಹಿಡಿದು ಎತ್ತಿದರು. ಟಿವಿಯಲ್ಲೂ ಅವರೇ ಬಿಳಿ ಸೀರೆ ಎತ್ತಿ ನಿಂತಿದ್ದರು. ಒಳಗೆ ಬಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ತಾವೇ ತಿರುಗಿಸಿದರು. ಕಪ್ಪು. ಬಿಳಿ. ಕಪ್ಪು.

"ಇದೇನು ಇಚಿತ್ರ" ಎಂದರು.

"ಇಚಿತ್ರ ಏನಿಲ್ರಿ, ಕಾಕಾ. ಕತ್ತಲದಾಗ ಎಲ್ಲಾ ಕ್ಯಾಮೆರಾದ್ದೂ ಇದೇ ಹಾಡು. ಸೀರಿ ಬಣ್ಣ ನೋಡಿ ಮನಷ್ಯಾರ್ನ ಗುರ್ತು ಹಿಡಿಯಾಕ ಬರಂಗಿಲ್ಲ" ಎಂದಳು ಮೊಮ್ಮಗಳು.

"ಹಂಗಾದ್ರ ಒಯ್ದಾಕಿ ಯಾರು? ಆವತ್ತ ಇಡೀ ಓಣಿ ಕರಿ ಸೀರಿನೇ ಉಟ್ಟಿತ್ತು. ನಿಮಗ ಗೊತ್ತಾಗ್ಯದ, ನಿಮ್ಮ ಮುಖದ ಮ್ಯಾಲೆ ಕಾಣ್ತದ. ಹೇಳ್ರಿ" ಎಂದು ಅವರು ನನ್ನ ಕಡೆ ತಿರುಗಿದರು.

"ನಾ ಹೇಳಂಗಿಲ್ರಿ. ನಿಮ್ಮ ಚಿತ್ರ ನನ್ನ ಹೆಸರು ಹೇಳಿತ್ತು, ಈಗ ಹೇಳವಲ್ದು. ನನಗ ಅಷ್ಟು ಸಾಕು. ಇನ್ನೊಬ್ಬರ ಹೆಸರು ನನ್ನ ಬಾಯಾಗಿಂದ ಬರಂಗಿಲ್ಲ. ನೀವು ಅಂಗಡ್ಯಾಗ ಏನು ಹೇಳಿದ್ರೋ ಅದನ್ನ ನೀವೇ ತಿದ್ದರಿ. ಈ ಹುಡುಗಿ ಕೆಲಸ ಆಕಿಗಿ ಬರಲಿ. ನಾ ಕೇಳೋದು ಅದೊಂದೇ."

"ಅಂದ್ರ ಕಳ್ಳರ್ನ ಮುಚ್ಚಿ ಇಡ್ತೀರೇನು?"

"ಕಳ್ಳರು ಯಾರೂ ಇಲ್ಲೋ!" ಎಂದು ದನಿ ಬಂತು. ತಾಯಿ ಒಳಗೆ ಬಂದಿದ್ದರು. ಸೆರಗು ಸೊಂಟಕ್ಕೆ ಸಿಗಿಸಿದ್ದರು. "ಕೊಡ ನಂದು. ನನ್ನ ತವರ್ಮನಿಂದ ಬಂದದ್ದು. ನೀ ಏಳೋದ್ರಾಗ ಹಿತ್ತಲ ಬಾಗಿಲಿಂದ ಹೊಂಟು, ಸಂಕ್ರಾಂತಿ ಸ್ನಾನಕ್ಕ ಓಣಿ ಹೆಂಗಸರ ಜೋಡಿ ಕಾಗಿಣಿ ಹೊಳಿಗಿ ಹೋದಾಗ ಮಳಖೇಡದಾಗ ನನ್ನ ಮಗಳಿಗಿ ಕೊಟ್ಟು ಬಂದೀನಿ. ನಿನ್ನ ತಂಗಿಗಿ! ಹೊಸಾ ಮನಿ ಮಾಡ್ಯಾಳ, ನೀರಿಗಿ ಒಂದು ಕೊಡ ಇಲ್ಲ ಆಕಿ ಮನ್ಯಾಗ."

ಯಜಮಾನರು ಮೌಸ್ ಕೆಳಗಿಟ್ಟು ತಾಯಿಯ ಕಡೆ ತಿರುಗಿದರು. "ನನಗ್ಯಾಕ ಹೇಳಲಿಲ್ಲ, ಅವ್ವಾ?"

"ಹೇಳಿದ್ರ ಕೊಡಾಕ ಬಿಡ್ತಿದ್ದೇನು? ಆಕಿಗಿ ಒಂದು ಹಿಡಿ ಬ್ಯಾಳಿ ಕೊಟ್ರೂ ನಿನ್ನ ಮಾರಿ ಕಪ್ಪಾಗ್ತದ." ಆಮೇಲೆ ನನ್ನ ಕಡೆ ತಿರುಗಿ ಕೈ ಹಿಡಿದರು. "ಯಕ್ಕಾ, ನಿನ್ನ ಮ್ಯಾಲೆ ಬಂದಾಗ ನಾ ಒಳಗ ಕುಂತು ಕೇಳೀನಿ. ನಾ ಉಟ್ಟದ್ದು ಕರಿ, ಇವ್ರು ಅನ್ನೋದು ಬಿಳಿ. ಬ್ಯಾರೆ ಯಾರೋ ಬಂದು ಬ್ಯಾರೆ ಏನೋ ಒಯ್ದಾರ ಅಂತ ಮನಸಿಗಿ ಸಮಾಧಾನ ಹೇಳ್ಕೊಂಡೆ. ಖರೆ ಅಂದ್ರ, ಹೆದರಿದ್ದೆ."

"ಈಗ ಹೆದರಿಲ್ಲ ಅಲಾ, ಯವ್ವಾ. ಆತು ಬಿಡು" ಎಂದೆ. ಸಿಟ್ಟು ಇರಲಿಲ್ಲವೆಂದಲ್ಲ. ಅವರು ಮಗನ ಮುಂದೆ ಸೆಟೆದು ನಿಂತ ರೀತಿಗೆ ಅದು ಅರ್ಧ ಕರಗಿತು. ಇನ್ನರ್ಧ ಇನ್ನೂ ಇದೆ, ಇರಲಿ.

ಯಜಮಾನರು ಅಂಗಡಿಗೆ ಮಾಡಲು ಫೋನ್ ತೆಗೆದರು. ನಾನು, "ಒಳಗ ಬ್ಯಾಡ್ರಿ, ಓಣ್ಯಾಗ ನಿಂತು ಮಾತಾಡ್ರಿ. ಅಂದದ್ದು ಎಲ್ಲರ ಮುಂದ, ತಿದ್ದೋದೂ ಎಲ್ಲರ ಮುಂದ ಆಗಲಿ" ಎಂದೆ. ಮೊಮ್ಮಗಳು ನನ್ನನ್ನು ಚಿವುಟಿದಳು. ಅವರು ಹೋದರು. ಕಟ್ಟೆಯ ಮೇಲೆ ನಿಂತು ಅಂಗಡಿಯವರಿಗೆ ಹೇಳಿದರು: ತಪ್ಪು ನನ್ನದು, ಆ ಅಜ್ಜಿಯದಲ್ಲ, ಹುಡುಗಿಯದಂತೂ ಅಲ್ಲವೇ ಅಲ್ಲ. ಎದುರುಮನೆಯವರು ಹೊರಗೆ ಬಂದರು. ಏನು, ಯಾಕೆ ಎಂದು ಕೇಳಿ, ಟಿವಿ ನೋಡಲು ಒಳಗೆ ನುಗ್ಗಿದರು. ಆಮೇಲೆ ಅವರ ಪಕ್ಕದ ಮನೆಯವರು. ನಾನು ಟಕ್ ಟಕ್ ಎಂದು ತೋರಿಸಿದ್ದೇ ತೋರಿಸಿದ್ದು.

ಕೆಲಸ ಮಾತ್ರ ಬಿಡಲಿಲ್ಲ. ಕ್ಯಾಮೆರಾದ ಆ ಕಾಣದ ಬೆಳಕು, ಮನುಷ್ಯರು ಹತ್ತಿರ ಬಂದರೆ ತಾನೇ ತಗ್ಗುವ ಹಾಗೆ ಮೊಮ್ಮಗಳು ಹಾಕಿದಳು. ಹಿತ್ತಲ ಬಾಗಿಲ ಮೇಲೆ ಒಂದು ಬಲ್ಬ್ ಕೂಡಿಸಿ, ಅದು ಉರಿಯುವಾಗ ಕ್ಯಾಮೆರಾ ಬಣ್ಣದಲ್ಲೇ ಉಳಿಯುವ ಹಾಗೆ ಮಾಡಿದಳು. ಇನ್ನು ಆ ಬಾಗಿಲಲ್ಲಿ ಕರಿ ಕರಿಯೇ, ಬಿಳಿ ಬಿಳಿಯೇ. ಹೊರಡುವಾಗ ಯಜಮಾನರು, "ತಂಗಿ, ನಮ್ಮ ಓಣ್ಯಾಗ ಮನಿಮನಿಗೂ ಕ್ಯಾಮೆರಾ ಹಾಕೋದದ. ನಾ ಎಲ್ಲರಿಗೂ ಹೇಳ್ತೀನಿ. ಅಂಗಡಿ ಮುಖಾಂತರ ಬ್ಯಾಡ, ನೀನೇ ಮಾಡು" ಎಂದರು.

ಮೊಮ್ಮಗಳು ಕಣ್ಣು ಒರೆಸಿಕೊಂಡು, "ಆಯಿನ್ನ ಕರಕೊಂಡೇ ಬರ್ತೀನ್ರಿ" ಎಂದಳು.

"ಕರಕೊಂಡು ಬಾರವ್ವಾ. ಇಲ್ಲಾಂದ್ರ ನಮಗ ಯಾರು ಬೈತಾರ?" ಎಂದರು ಅವರ ತಾಯಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಎಲ್ಲರಿಗಿಂತ ಆಮೇಲೆ.

ವಾಡಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಸೊಸೆಗೆ ಫೋನಿನಲ್ಲೇ ಹೇಳಿದ್ದೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲ ಸಿದ್ಧವಿತ್ತು. ಮಗ ಡ್ಯೂಟಿಯಿಂದ ಬಂದು, ಮೈಮೇಲಿನ ಸಿಮೆಂಟ್ ಧೂಳು ತೊಳೆದುಕೊಂಡು, ಚಾಪೆ ಹಾಸಿದ. ಎಲ್ಲರೂ ಸುತ್ತ ಕೂತೆವು. ಮೊಮ್ಮಗಳು ಮೊದಲಿನಿಂದ ಹೇಳುತ್ತ ಹೋದಳು, ಸೀರೆ ಬೆಳ್ಳಗಾದ ಕಡೆ ಬಂದಾಗ ಸೊಸೆ ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದು ಕೂತಳು.

ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಮಗಳ ತಾಟಿಗೆ ಮೊಸರು ಹಾಕಿ, "ನಾಳಿ ಎಷ್ಟೊತ್ತಿನ ಗಾಡಿ?" ಎಂದು ಕೇಳಿದ.

"ಮುಂಜಾನಿದು, ಅಪ್ಪಾ."

"ನಾ ಸ್ಟೇಷನ್ನಿಗಿ ಬಂದು ಹತ್ತಸ್ತೀನಿ. ಆಮ್ಯಾಲೆ ಫ್ಯಾಕ್ಟರಿ ಗೇಟಿನಾಗ ನಿಂತು ಒಬ್ಬೊಬ್ಬರಿಗೂ ಹೇಳ್ತೀನಿ, ನನ್ನ ಮಗಳು ಏನು ಮಾಡ್ಯಾಳ ಅಂತ."

"ನಾಳಿ ತನಕ ಯಾಕ ಕಾಯ್ತಿ? ಬಾಜೂ ಮನಿಯೋರು ಆಗಿಂದ ಕಿಟಕ್ಯಾಗ ಕಿವಿ ಇಟ್ಟಾರ. ಈಗೇ ಹೇಳು, ಜೋರಾಗಿ ಹೇಳು!" ಎಂದೆ.

ಕಿಟಕಿಯಾಚೆ ಯಾರೋ ಸರಕ್ಕನೆ ಸರಿದ ಸಪ್ಪಳವಾಯಿತು. ಮಗ ಬಾಯಲ್ಲಿದ್ದ ತುತ್ತು ನುಂಗಲಾಗದೆ ನಕ್ಕ. ಸೊಸೆ ನಕ್ಕಳು, ಮೊಮ್ಮಗಳು ನಗುತ್ತ ನನ್ನ ಮೇಲೆ ಒರಗಿದಳು. "ಉಣ್ಣರಿ, ರೊಟ್ಟಿ ಆರ್ತಾವ" ಎಂದು ನಾನು ಎಲ್ಲರ ತಾಟಿಗೂ ಇನ್ನೊಂದೊಂದು ರೊಟ್ಟಿ ಹಾಕಿದೆ.